ಖಾಲಿ ಜಾಗ: ಯಾರ ಲೆಕ್ಕದಲ್ಲಿ ಖಾಲಿ?

ಸುಮ್ಮನೆ ಬಿದ್ದಿರೋ ಸರ್ಕಾರಿ ಜಾಗವನ್ನ ವಿಶ್ವವಿದ್ಯಾಲಯಕ್ಕೆ ಕೊಟ್ಟರೆ ತಪ್ಪೇನು? ನಮ್ಮ ಆಫೀಸಿನ ಕಾಫಿ ಮಷೀನ್ ಮುಂದೆ ಈ ಪ್ರಶ್ನೆ ಕೇಳಿದರೆ ಯಾರೂ ತಪ್ಪು ಅನ್ನಲ್ಲ. ನಾನೂ ಅನ್ನಲ್ಲ. ಸರ್ಕಾರದ ದುಡ್ಡಲ್ಲಿ, ಸರ್ಕಾರದ ಜಾಗದಲ್ಲಿ ಕಾಲೇಜುಗಳು ನಡೀದೇ ಇದ್ದಿದ್ರೆ ನನ್ನಂಥ ಹಳ್ಳಿ ಹುಡುಗರು ಬಿಇ ಮಾಡಿ ಬೆಂಗಳೂರು ಸೇರೋದು ಕನಸಿನ ಮಾತಾಗಿತ್ತು. ನನ್ನ ತಕರಾರು ಕೊಡೋದರ ಬಗ್ಗೆ ಅಲ್ಲ, ‘ಸುಮ್ಮನೆ ಬಿದ್ದಿರೋ’ ಅನ್ನೋ ಮಾತಿನ ಬಗ್ಗೆ.

ಚಳ್ಳಕೆರೆ ಉದಾಹರಣೆ ತಗೊಳ್ಳಿ. 2010ರ ಆಸುಪಾಸಿನಲ್ಲಿ ಚಿತ್ರದುರ್ಗ ಜಿಲ್ಲೆಯ ಈ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನ ರಾಜ್ಯ ಸರ್ಕಾರ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಹಂಚಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ ಸಿಕ್ಕಿತು. 1909ರಲ್ಲಿ ಶುರುವಾದ ಇದೇ ಸಂಸ್ಥೆಗೆ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನ ಕೊಟ್ಟಿದ್ದು ಸುಮಾರು 371 ಎಕರೆ. ಅಷ್ಟರಲ್ಲೇ ಒಂದು ಶತಮಾನದ ವಿಜ್ಞಾನ ನಡೆದಿದೆ. ಹೊಸ ದಾನ ಅದರ ನಾಲ್ಕು ಪಟ್ಟು. ಅಲ್ಲಿ ಶಿಕ್ಷಕರಿಗೆ ಒಳ್ಳೆಯ ತರಬೇತಿ ನಡೀತಿದೆ, ಅದನ್ನ ಮೆಚ್ಚಲೇಬೇಕು. ಆದರೆ ತರಬೇತಿಗೆ ಕಟ್ಟಡ ಬೇಕು, 1,500 ಎಕರೆ ಬೇಕಿಲ್ಲ.

ಆ ಕಾವಲು ಖಾಲಿ ಇತ್ತಾ? ಮೈಸೂರು ಅರಸರು, ಟಿಪ್ಪು ಇವರೆಲ್ಲ ಸೈನ್ಯದ ಭಾರ ಎಳೆಯೋ ದನಗಳಿಗೆ ಅಂತಲೇ ಕಾಪಾಡಿಕೊಂಡು ಬಂದ ಹುಲ್ಲುಗಾವಲು ಅದು. ಸೈನ್ಯ ಹೋದ ಮೇಲೆ ಸುತ್ತಲ ಊರುಗಳ ದನ, ಕುರಿ, ಮೇಕೆ ಅಲ್ಲಿ ಮೇಯುತ್ತಾ ಬಂದವು. ಆ ಕುರಿಗಳ ಉಣ್ಣೆಯಿಂದಲೇ ಚಳ್ಳಕೆರೆ ಕಂಬಳಿ. ನೇಗಿಲು ಬೀಳದ್ದರಿಂದ ಹುಲ್ಲು ಉಳಿಯಿತು, ಹುಲ್ಲು ಉಳಿದಿದ್ದರಿಂದ ಕೃಷ್ಣಮೃಗ ಉಳಿಯಿತು. ಏಪ್ರಿಲ್‌ನಲ್ಲಿ ಕಾರಿನಲ್ಲಿ ಹೋಗೋರಿಗೆ ಅದು ಬೋಳು ಬಯಲು. ಒಂದು ಹದ ಮಳೆ ಆದ ಮೇಲೆ ಏನಾಗುತ್ತೆ ಅಂತ ಕುರಿಗಾಹಿಗೆ ಗೊತ್ತು.

ಸರ್ಕಾರಕ್ಕೆ ಯಾಕೆ ಕಾಣಲಿಲ್ಲ? ನಮ್ಮ ಪಹಣಿ ನೋಡಿ. ಮಾಲೀಕರ ಹೆಸರಿಗೆ ಕಾಲಂ ಇದೆ, ಸಾಗುವಳಿ ಮಾಡೋರಿಗೆ ಇದೆ, ಬೆಳೆಗೆ ಇದೆ. ವರ್ಷಕ್ಕೆ ನಾಲ್ಕು ತಿಂಗಳು ಬಂದು ಹೋಗೋ ಕುರಿ ಮಂದೆಗೆ ಇಲ್ಲ. ಡೇಟಾಬೇಸ್ ಮುಟ್ಟಿದೋರಿಗೆಲ್ಲ ಗೊತ್ತಿರೋ ಮೊದಲ ಪಾಠ: ನಲ್ ಅಂದ್ರೆ ಸೊನ್ನೆ ಅಲ್ಲ. ಮಾಹಿತಿ ತುಂಬಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಅಂತಲ್ಲ. ಸರ್ಕಾರ ನಲ್ ಅನ್ನು ಸೊನ್ನೆ ಅಂತ ಓದಿ ಮಂಜೂರು ಮಾಡಿತು. ಊರಿನವರು ಗೋಡೆಗಳ ವಿರುದ್ಧ ನಿಂತರು, ವ್ಯಾಜ್ಯ ಹಸಿರು ನ್ಯಾಯಮಂಡಳಿವರೆಗೂ ಹೋಗಿ 2014ರಲ್ಲಿ ತೀರ್ಪು ಬಂತು. ಮೊದಲೇ ಕೇಳಬೇಕಿದ್ದ ಪ್ರಶ್ನೆಗಳನ್ನ ಕೊಟ್ಟಾದ ಮೇಲೆ ಕೇಳಿದ್ದಾಯ್ತು.

‘ಕುರಿ ಮುಖ್ಯವೋ, ವಿಜ್ಞಾನ ಮುಖ್ಯವೋ’ ಅನ್ನೋರು ಒಮ್ಮೆ ಪಕ್ಕದ ಹೈದರಾಬಾದ್ ಕಡೆ ನೋಡಬೇಕು. 1970ರ ದಶಕದಲ್ಲಿ ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸುಮಾರು 2,300 ಎಕರೆ ಸಿಕ್ಕಿತ್ತು. ಊರು ಬೆಳೆದು ಗಚ್ಚಿಬೌಲಿ ಚಿನ್ನದ ನೆಲ ಆದ ಮೇಲೆ ಅದೇ ಜಾಗದಲ್ಲಿ 400 ಎಕರೆ ಮತ್ತೆ ಸರ್ಕಾರದ ಕಣ್ಣಿಗೆ ಬಿತ್ತು. ದಾಖಲೆ ಪ್ರಕಾರ ಜಾಗ ನಮ್ಮದು, ಐಟಿ ಪಾರ್ಕ್ ಮಾಡ್ತೀವಿ ಅಂತ 2025ರ ಮಾರ್ಚ್ ಕೊನೆಯಲ್ಲಿ ಬುಲ್ಡೋಜರ್ ಇಳಿಸಿದರು. ವಿದ್ಯಾರ್ಥಿಗಳು ಬೀದಿಗಿಳಿದರು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮರ ಕಡಿಯೋದನ್ನ ನಿಲ್ಲಿಸಿತು. ಆ ಜಾಗದ ಹೆಸರು ಕಂಚ ಗಚ್ಚಿಬೌಲಿ. ಕಂಚ ಅಂದರೆ ಮೇವಿನ ಬಯಲು.

ಅಲ್ಲಿ ವಿದ್ಯಾರ್ಥಿಗಳು ಹೇಳಿದ್ದೇನು? ಇದು ಖಾಲಿ ಅಲ್ಲ, ಇಲ್ಲಿ ಜಿಂಕೆ ಇದೆ, ನವಿಲಿದೆ, ಕೆರೆ ಇದೆ ಅಂತ. ಚಳ್ಳಕೆರೆಯ ಕುರಿಗಾಹಿ ಹೇಳಿದ್ದೂ ಹೆಚ್ಚೂ ಕಮ್ಮಿ ಅದೇ. ಕುರಿಗಾಹಿಯಿಂದ ವಿಶ್ವವಿದ್ಯಾಲಯಕ್ಕೆ, ವಿಶ್ವವಿದ್ಯಾಲಯದಿಂದ ನಮ್ಮ ನಿಮ್ಮಂಥವರ ಐಟಿ ಪಾರ್ಕಿಗೆ ನೆಲ ಕೈ ಬದಲಾಯಿಸೋಕೆ ‘ಖಾಲಿ’ ಅನ್ನೋ ಒಂದೇ ಪದ ಸಾಕು. ಇವತ್ತು ಆ ಪದ ನಂಬಿ ಜಾಗ ಪಡೆಯೋ ವಿಶ್ವವಿದ್ಯಾಲಯ ನಾಳೆ ಅದೇ ಪದಕ್ಕೆ ಜಾಗ ಕಳೆದುಕೊಳ್ಳಬಹುದು. ಹಾಗಾಗಿ ಈ ಪದವನ್ನ ಪ್ರಶ್ನಿಸೋದರಲ್ಲಿ ಕುರಿಗಾಹಿಗಿಂತ ಕಮ್ಮಿ ಲಾಭ ವಿಶ್ವವಿದ್ಯಾಲಯಕ್ಕೇನೂ ಇಲ್ಲ.

ಕೊಡಬೇಡಿ ಅಂತಲ್ಲ. ಕೊಡೋ ಮುಂಚೆ ಗ್ರಾಮಸಭೆ ಕರೆದು ಯಾರ ದನ ಕುರಿ ಯಾವ ತಿಂಗಳು ಇಲ್ಲಿ ಮೇಯುತ್ತೆ ಅಂತ ಬರೆದುಕೊಳ್ಳಿ. ಮುಂದಿನ ಹತ್ತು ವರ್ಷಕ್ಕೆ ಕಟ್ಟಡದ ನಕ್ಷೆ ಎಷ್ಟು ಎಕರೆ ಕೇಳುತ್ತೋ ಅಷ್ಟೇ ಕೊಡಿ. ಕಟ್ಟದೇ ಉಳಿದ ಕಡೆ ಮೇವಿನ ಹಕ್ಕು ಊರಿಗೇ ಇರಲಿ. ಇಷ್ಟಾದ ಮೇಲೂ ಯಾರೂ ಬಳಸದ ಜಾಗ ಅಂತ ಎಲ್ಲಾದರೂ ಉಳಿದರೆ, ಧಾರಾಳವಾಗಿ ವಿಶ್ವವಿದ್ಯಾಲಯಕ್ಕೆ ಕೊಡಿ. ಆದರೆ ಅಂಥ ಜಾಗ ನಮ್ಮ ನಾಡಲ್ಲಿ ಸರ್ಕಾರ ಅಂದುಕೊಂಡಷ್ಟು ಇಲ್ಲ.