ನೇತ್ರಾಣಿಯ ನೀರಲ್ಲಿ ಅಪ್ಪು

ಮೊನ್ನೆ ಸುಂಕದಕಟ್ಟೆಯ ನಮ್ಮ ಮನೆ ಟೀವಿಯಲ್ಲಿ ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’ ಮತ್ತೆ ನೋಡಿದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹತ್ತಿರ ಪುನೀತ್ ಸ್ಕೂಬಾ ಡೈವ್ ಮಾಡೋ ಭಾಗ ಬಂತು. ಊರಿಂದ ಬಂದಿದ್ದ ಅಮ್ಮ, “ಅಯ್ಯೋ, ಉಸಿರು ಹೆಂಗೆ ತಗೊಂತಾನೋ ಮಗ” ಅಂದ್ರು.

ಮೀನು ಯಾರು ನೋಡಿದ್ವಿ? ಅಪ್ಪು ಹೋದದ್ದು 2021ರ ಅಕ್ಟೋಬರ್, ಚಿತ್ರ ಬಂದದ್ದು 2022ರ ಅಕ್ಟೋಬರ್. ನಮ್ಮ ಕಣ್ಣೆಲ್ಲ ಅವರ ಉಸಿರಿನ ಗುಳ್ಳೆ ಮೇಲೆ.

ನೀರಿನಡಿ ಶೂಟಿಂಗ್ ಕಷ್ಟ, ಒಪ್ಪಿದೆ. ಕೆಲವೇ ಮೀಟರ್ ಇಳಿದರೆ ಕೆಂಪು ಬಣ್ಣ ಮಾಯ. ಹತ್ತಿರ ಹೋಗಿ ಬೆಳಕು ಹಾಕದಿದ್ರೆ ಬಣ್ಣದ ಮೀನೂ ನೀಲಿ ನೆರಳು. ಆದ್ರೂ ಕ್ಯಾಮೆರಾ ಮೀನುಗಳ ಜೊತೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಆನೆ, ಹುಲಿ ಅಮ್ಮನಿಗೂ ಗೊತ್ತು. ಅಪ್ಪು ಬೆರಳು ತೋರಿಸಿ ಹೆಸರು ಹೇಳಿದ್ದರೆ ಆ ಮೀನುಗಳೂ ನಮ್ಮನೆ ಮಾತಾಗ್ತಿದ್ವು.