ಬಿರುಕು ಕಂಡಲ್ಲಿ ಕಂಬ: ಈ ದುರಸ್ತಿ ಸರಿಯೇ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ಮಸಾರಿಯ ಜೊತೆಗೆ ಎರೆ ಮಣ್ಣೂ ಇದೆ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಸಾಗುವ ಬಿರುಕುಗಳನ್ನು ನೀವು ನೋಡಿರಬಹುದು. ‘ಬಿರುಕಿನ ಕೆಳಗೆ ಅಗೆದು ಒಂದೆರಡು ಕಾಂಕ್ರೀಟ್ ಕಂಬ ಕೊಟ್ಟರೆ ಸಾಕು’ ಎಂಬ ಸಲಹೆಯೂ ಕಿವಿಗೆ ಬಿದ್ದಿರಬಹುದು. ಈ ಸಲಹೆಯನ್ನು ಒರೆಗೆ ಹಚ್ಚಿ ನೋಡೋಣ.

ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಖನಿಜದ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯ ಅಂಚಿನ ಮಣ್ಣು ಬೇಗ ನೆನೆದು ಬೇಗ ಒಣಗುತ್ತದೆ. ನಡುಮನೆಯ ಕೆಳಗಿನ ತೇವ ಅಷ್ಟಾಗಿ ಬದಲಾಗುವುದಿಲ್ಲ. ಗೋಡೆ ಬಾಗುವುದು ಈ ವ್ಯತ್ಯಾಸದಿಂದ. ಒಡೆಯುವುದು ಮಾತ್ರ ದುರ್ಬಲವಾದ ಬಾಗಿಲ ಮೂಲೆಯಲ್ಲಿ. ಆದ್ದರಿಂದ ಬಿರುಕಿನ ಜಾಗವೇ ದೋಷದ ಜಾಗವಾಗಿರಬೇಕಿಲ್ಲ. ಒಂದು ಮೂಲೆಗಷ್ಟೇ ಆಳದ ಕಂಬ ಕೊಟ್ಟರೆ ಆ ಮೂಲೆ ಸ್ಥಿರವಾಗುತ್ತದೆ, ಉಳಿದ ಗೋಡೆ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಎರಡೂ ಕೂಡುವಲ್ಲಿ ಹೊಸ ಬಿರುಕು ಮೂಡುತ್ತದೆ.

ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದ ಬಳಿ ಉಬ್ಬಿರುವ ‘ಅಂಡರ್‌ರೀಮ್ಡ್’ ಕಂಬವನ್ನು ರೂಪಿಸಿತು. 1980ರ ಭಾರತೀಯ ಮಾನಕ ಐಎಸ್ 2911, ಭಾಗ 3 ಇದರ ನಿಯಮಗಳನ್ನು ಹೇಳಿತು: ಎರೆ ಮಣ್ಣು ಆಳವಾಗಿದ್ದಲ್ಲಿ ಕಂಬದ ಉದ್ದ ಕನಿಷ್ಠ 3.5 ಮೀಟರ್, ಗೋಡೆಗಳು ಕೂಡುವಲ್ಲೆಲ್ಲ ಕಂಬ, ಅಂತರ ಸಾಮಾನ್ಯವಾಗಿ 3 ಮೀಟರ್ ಮೀರಬಾರದು. ಬಾಗಿಲು ಸಾಧ್ಯವಾದಷ್ಟೂ ಎರಡು ಕಂಬಗಳ ನಡುವೆ ಬರಬೇಕು. ಕಂಬಗಳನ್ನು ತೊಲೆಯಿಂದ ಜೋಡಿಸಿ, ಮಣ್ಣು ಉಬ್ಬಲು ತೊಲೆಯ ಕೆಳಗೆ 80 ಮಿ.ಮೀ. ತೆರವು ಬಿಡಬೇಕು.

ಇವು ಹೊಸ ಮನೆಯನ್ನು ಗಮನದಲ್ಲಿಟ್ಟ ನಿಯಮಗಳು. ‘ಒಂದೆರಡು ಕಂಬ’ದ ಸಲಹೆ ಇದರಿಂದ ಕಂಬವನ್ನಷ್ಟೇ ಎರವಲು ಪಡೆದು ತೊಲೆಯನ್ನೂ ತೆರವನ್ನೂ ಬಿಟ್ಟುಬಿಡುತ್ತದೆ. ಲೆಕ್ಕ ಹಾಕಿ: 9 ಮೀಟರ್ ಉದ್ದದ ಗೋಡೆ, ಮೀಟರಿಗೆ 3 ಟನ್ ಭಾರ. 2.25 ಮೀಟರಿಗೊಂದರಂತೆ 5 ಕಂಬಗಳಿದ್ದರೆ ನಡುವಿನ ಪ್ರತಿ ಕಂಬಕ್ಕೆ ಸುಮಾರು 6.75 ಟನ್. ಖರ್ಚು ಉಳಿಸಲು 3 ಕಂಬ ಹಾಕಿದರೆ ನಡುವಿನದಕ್ಕೆ 13.5 ಟನ್. ಅಂತರ ಎರಡು ಪಟ್ಟಾದಾಗ ಗೋಡೆಯನ್ನು ಬಾಗಿಸುವ ಪರಿಣಾಮ ನಾಲ್ಕು ಪಟ್ಟಾಗುತ್ತದೆ. ತೊಲೆಯಿಲ್ಲದ ಕಲ್ಲಿನ ಗೋಡೆ ಅದನ್ನು ತಾಳಲಾರದು.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ಅಳತೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಮಾಡಿ, ಒಂದು ಮಳೆಗಾಲ, ಒಂದು ಬೇಸಿಗೆ ಪ್ರತಿ ತಿಂಗಳೂ ಅಂತರ ಬರೆದಿಡಿ. ಬಿರುಕು ಮೇಲೆ ಅಗಲವಾಗಿದ್ದರೆ ಸಾಮಾನ್ಯವಾಗಿ ಗೋಡೆಯ ತುದಿ ತಗ್ಗಿದೆ ಇಲ್ಲವೇ ನಡು ಉಬ್ಬಿದೆ. ಕೆಳಗೆ ಅಗಲವಾಗಿದ್ದರೆ ಇದಕ್ಕೆ ವಿರುದ್ಧ. ಮಾಳಿಗೆಯ ನೀರು, ಬಚ್ಚಲ ನೀರು ಬುನಾದಿಗೆ ಇಳಿಯದಂತೆ ಮಾಡಿ. ಆಮೇಲೂ ಚಲನೆ ನಿಲ್ಲದಿದ್ದರೆ ಈ ದಾಖಲೆಯನ್ನು ಎಂಜಿನಿಯರರ ಮುಂದಿಡಿ. ಕಂಬಗಳ ನಕ್ಷೆ ಇಡೀ ಮನೆಗೆ ಸಿದ್ಧವಾಗುವವರೆಗೆ ಗೌಂಡಿಯ ಗುದ್ದಲಿ ಕಾಯಲಿ.