ಇನ್ನೊಬ್ಬರ ಕೈಯ ಬಿಸಿ ರೊಟ್ಟಿ

ಜಮಖಂಡಿಯ ಒಂದು ಖಾನಾವಳಿ. ಮಧ್ಯಾಹ್ನ ಒಂದು ದಾಟಿತ್ತು. ತಾಟಿನಲ್ಲಿ ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಒಂದೊಂದು ಚಮಚ ಶೇಂಗಾ ಹಿಂಡಿ ಮತ್ತು ಗುರೆಳ್ಳು ಹಿಂಡಿ, ಸೀಳಿದ ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಮೆಂತೆ, ವಾಟಗದಲ್ಲಿ ಮೊಸರು. ಒಳಗಿನಿಂದ ಹುಡುಗ ಬಂದು, ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿಯನ್ನು ತಾಟಿಗೆ ಹಾಕಿದ. ಉಬ್ಬಿದ ಪದರ ಇನ್ನೂ ಕುಸಿದಿರಲಿಲ್ಲ. ಬೆರಳಿನಿಂದ ಒಡೆದರೆ ಹಬೆ ಮುಖಕ್ಕೆ ಬಡಿಯಿತು. ಮದುವೆಯಾಗಿ ಹುನ್ನೂರಿಗೆ ಬಂದು ಆಗಲೇ ಹತ್ತು ವರ್ಷವಾಗಿತ್ತು. ದಿನಾ ಎರಡು ಹೊತ್ತು ರೊಟ್ಟಿ ಬಡಿಯುವ ಕೈ ನನ್ನದು. ಆದರೂ ಹಂಚಿನಿಂದ ನೇರವಾಗಿ ನನ್ನ ತಾಟಿಗೆ ಬಂದ ರೊಟ್ಟಿಯನ್ನು ಕುಳಿತು ಉಂಡದ್ದು ತವರು ಬಿಟ್ಟ ಮೇಲೆ ಅದೇ ಮೊದಲು.

ಆಮೇಲೆ ಹದಿನೆಂಟು ವರ್ಷ ಕಳೆದಿವೆ. ಹೊರಗೆ ಉಂಡಾಗಲೆಲ್ಲ, ಮನೆಗೆ ಮಂದಿಯನ್ನು ಊಟಕ್ಕೆ ಕರೆದಾಗಲೆಲ್ಲ ಆ ರೊಟ್ಟಿ ನೆನಪಾಗುತ್ತದೆ. ಊಟದ ಬಗ್ಗೆ ಬರೆಯುವವರು ರುಚಿ, ಸ್ವಚ್ಛತೆ, ದರ ನೋಡುತ್ತಾರೆ. ನಾನೂ ನೋಡುತ್ತೇನೆ. ಅವುಗಳ ಜೊತೆಗೆ ಇನ್ನೊಂದನ್ನು ಕೇಳುತ್ತೇನೆ: ಈ ಅಡುಗೆ ಮಾಡಿದವರು ಇದನ್ನು ಬಿಸಿಯಾಗಿ ಉಂಡರೇ? ನಮ್ಮ ಭಾಗದ ಖಾನಾವಳಿ ಊಟವನ್ನೂ ಮನೆಯ ಬೀಗರ ಊಟವನ್ನೂ ಈ ಪ್ರಶ್ನೆಯ ಮುಂದಿಟ್ಟು ನೋಡಬೇಕು ಎನ್ನುವುದೇ ಈ ಬರಹದ ಉದ್ದೇಶ.

ಖಾನಾವಳಿ ಎಂಬ ಮಾತು ಮರಾಠಿಯ ಖಾನಾವಳದಿಂದ ಬಂದದ್ದು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಊರು, ಸುತ್ತಲಿನ ಸೀಮೆಯೆಲ್ಲ ಮುಂಬಯಿ ಪ್ರಾಂತಕ್ಕೆ ಹೊಂದಿಕೊಂಡಿತ್ತು. ಹಾಗಾಗಿ ಮಾತಿನ ಜೊತೆ ಪದ್ಧತಿಯೂ ಇಲ್ಲಿ ಬೇರೂರಿತು. ಮನೆ ಬಿಟ್ಟು ಕಲಿಯಲು ಬಂದ ಹುಡುಗರು, ವರ್ಗವಾಗಿ ಬಂದ ನೌಕರರು, ಪೇಟೆಗೆ ಬಂದ ರೈತರು ಉಣ್ಣುವ ಜಾಗ ಅದು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಅಲ್ಲಿ ಕಲಿತವರ ನೆನಪುಗಳಲ್ಲಿ ಪಾಠದಷ್ಟೇ ಖಾನಾವಳಿಯೂ ಇರುತ್ತದೆ. ತಿಂಗಳ ಲೆಕ್ಕ ಹಚ್ಚಿ ಉಣ್ಣುವವರು ಅಲ್ಲಿ ಗಿರಾಕಿ ಎನ್ನುವುದಕ್ಕಿಂತ ಮನೆಯವರಂತೆಯೇ ಇರುತ್ತಿದ್ದರು. ಇಂದಿಗೂ ಒಳ್ಳೆಯ ಖಾನಾವಳಿಯ ಗುರುತು ಅದೇ: ನಿನ್ನೆ ಬಾರದಿದ್ದರೆ ಇವತ್ತು ಯಾಕೆ ಎಂದು ಕೇಳುತ್ತಾರೆ.

ಅಡುಗೆಯ ಮಾತಿಗೆ ಬಂದರೆ, ಮೊದಲ ಪರೀಕ್ಷೆ ರೊಟ್ಟಿಯದ್ದು. ಜೋಳಕ್ಕೆ ಗೋದಿಯಂತೆ ಹಿಡಿದಿಡುವ ಅಂಟಿಲ್ಲ. ಕುದಿಯುವ ನೀರು ಹಾಕಿ ನಾದಿದಾಗಲೇ ಹಿಟ್ಟಿಗೆ ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಆ ಜಿಗಿಯೂ ಉಳಿಯುವುದಿಲ್ಲ, ಬಡಿಯುವಾಗಲೇ ಅಂಚು ಬಿರಿಯುತ್ತದೆ. ಇದನ್ನು ಮುಚ್ಚಲು ಕೆಲವರು ಗೋದಿಹಿಟ್ಟು ಬೆರೆಸುತ್ತಾರೆ. ಅಂಥ ರೊಟ್ಟಿ ಮುರಿದರೆ ಚಪಾತಿಯ ಹಾಗೆ ಎಳೆದುಕೊಂಡು ಬರುತ್ತದೆ, ಆರಿದ ಮೇಲೆ ಚರ್ಮದಂತಾಗುತ್ತದೆ. ಶುದ್ಧ ಜೋಳದ ರೊಟ್ಟಿ ಬೆರಳಿಗೆ ಸುಮ್ಮನೆ ಮುರಿದು ಬರಬೇಕು, ಪಲ್ಯ ಎತ್ತುವಾಗ ಬಾಗಬೇಕು. ನಮ್ಮ ಸುತ್ತಿನ ಖಾನಾವಳಿಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಅಲ್ಲಿ ಹಿಟ್ಟು ದಿನಾ ಖರ್ಚಾಗುತ್ತದೆ, ಹಳೆಯದಾಗಲು ಹೊತ್ತೇ ಸಿಗುವುದಿಲ್ಲ.

ಎರಡನೆಯ ಪರೀಕ್ಷೆ ಬದನೆಕಾಯಿಯದ್ದು. ಇಲ್ಲಿ ಖಾನಾವಳಿ ಬಹಳ ಸಲ ಸೋಲುತ್ತದೆ. ಎಣ್ಣೆಗಾಯಿ ಎಂದರೆ ಎಳೆಯ ಬದನೆಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳಿ, ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಮಸಾಲೆ ಖಾರ, ಹುಣಸೆ, ಬೆಲ್ಲ ಕಲಸಿದ ಹೂರಣವನ್ನು ಒಳಗೆ ತುಂಬಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುವುದು. ಅವಸರದ ಅಡುಗೆಮನೆ ಕಾಯಿಯನ್ನು ಬೇರೆ ಕರಿದು, ಮೊದಲೇ ಮಾಡಿಟ್ಟ ಗ್ರೇವಿಯಲ್ಲಿ ಮುಳುಗಿಸಿ ಕೊಡುತ್ತದೆ. ಮೇಲಿನಿಂದ ಎರಡೂ ಒಂದೇ ಥರ ಕಾಣುತ್ತವೆ. ತೊಟ್ಟು ಹಿಡಿದೆತ್ತಿ ಹೊಟ್ಟೆ ಬಿಡಿಸಿದರೆ ಗೊತ್ತಾಗುತ್ತದೆ: ತುಂಬಿ ಮಾಡಿದ ಕಾಯಿಯ ಒಳಗೋಡೆ ಮಸಾಲೆಯ ಬಣ್ಣಕ್ಕೆ ತಿರುಗಿರುತ್ತದೆ, ಮುಳುಗಿಸಿದ್ದು ಬೆಳ್ಳಗೆ, ಸಪ್ಪಗೆ ಉಳಿದಿರುತ್ತದೆ. ಎಣ್ಣೆಯೂ ಅಷ್ಟೇ. ಮನೆಯಲ್ಲಿ ಶೇಂಗಾ, ಗುರೆಳ್ಳು ಬಿಟ್ಟ ಎಣ್ಣೆ ಪಲ್ಯದ ಮೇಲೆ ತೇಲುತ್ತದೆ. ಅವಸರದ ಪಲ್ಯದಲ್ಲಿ ಅದನ್ನು ಮೇಲಿನಿಂದ ಸುರಿದಿರುತ್ತಾರೆ. ಊಟವಾದ ಮೇಲೆ ಗಂಟಲು ಅದನ್ನು ಹೇಳುತ್ತದೆ.

ಹಿಂಡಿ, ಹಸಿಸೊಪ್ಪು, ಮೊಸರು ಎಂಬ ಮೂರರಲ್ಲಿ ಖಾನಾವಳಿಯ ಜಾಣ್ಮೆ ಇದೆ. ಪಲ್ಯ ಸಾಧಾರಣವಾಗಿದ್ದರೂ ಅಗಸಿ ಹಿಂಡಿ, ಮೊಸರು, ಕಚ್ಚಿ ತಿನ್ನುವ ಉಳ್ಳಾಗಡ್ಡಿ ಇದ್ದರೆ ಮೂರು ರೊಟ್ಟಿ ಹೋಗುತ್ತವೆ. ಬೆಂದದ್ದು ಹಸಿಯದರೊಡನೆ, ಖಾರ ತಂಪಿನೊಡನೆ, ಒಣದ್ದು ದ್ರವದೊಡನೆ ಕೂಡುವ ಈ ಹದವನ್ನು ಯಾವ ಬಾಣಸಿಗನೂ ಕೂತು ಯೋಚಿಸಿ ಮಾಡಿದ್ದಲ್ಲ. ಹೊಲಕ್ಕೆ ಬುತ್ತಿ ಕಟ್ಟಿದ ಹೆಂಗಸರು ತಲೆಮಾರುಗಳಿಂದ ತಿದ್ದಿ ತಿದ್ದಿ ತಂದದ್ದು. ಖಾನಾವಳಿ ಅದನ್ನು ಕೆಡಿಸದೆ ಉಳಿಸಿಕೊಂಡಿದೆ. ಅದಕ್ಕೆ ನನ್ನ ಪೂರ್ತಿ ಅಂಕ.

ಮಗಳ ಓದಿನ ಕಾಲಕ್ಕೆ ಬೆಂಗಳೂರಿಗೆ ಹೋದಾಗ ‘ಉತ್ತರ ಕರ್ನಾಟಕ ಊಟ’ ಎಂದು ಫಲಕ ಹಾಕಿದ ಹೋಟೆಲುಗಳಲ್ಲಿ ಉಂಡಿದ್ದೇನೆ. ಒಂದರಲ್ಲಿ ರೊಟ್ಟಿ, ಚಪಾತಿ, ಮೂರು ಪಲ್ಯ, ಸಾರು, ಅನ್ನ, ಹೋಳಿಗೆ ಎಲ್ಲವೂ ದೊಡ್ಡ ತಾಟಿನಲ್ಲಿ ಒಮ್ಮೆಗೇ ಬಂದವು. ಪಲ್ಯದ ರುಚಿಗೆ ಹೆಸರಿಡುವಂತಿರಲಿಲ್ಲ. ಆದರೆ ಎರಡನೆಯ ರೊಟ್ಟಿಗೆ ಬರುವ ಹೊತ್ತಿಗೆ ಅದು ಆರಿ ಬಿಗಿದಿತ್ತು. ನಮ್ಮ ಊಟ ಒಂದು ಸರದಿ. ಒಂದು ರೊಟ್ಟಿ ಮುಗಿಯುತ್ತ ಬಂದಾಗ ಇನ್ನೊಂದು ಬರಬೇಕು, ರೊಟ್ಟಿ ಮುಗಿದ ಮೇಲೆ ಅನ್ನ, ಅನ್ನದ ಕೊನೆಗೆ ಮೊಸರು. ತಾಟು ತುಂಬಿಸಿಟ್ಟರೆ ಪದಾರ್ಥಗಳು ಬರುತ್ತವೆ, ಊಟ ಬರುವುದಿಲ್ಲ. ಮದುವೆಗಳಲ್ಲಿ ಈಗ ಬಂದಿರುವ ಬಫೆಯ ಕೊರತೆಯೂ ಇದೇ. ಪಂಕ್ತಿಯಲ್ಲಿ ಕುಂತವರ ಮುಂದೆ ಬಾಗಿ, ‘ಸಾವಕಾಶ ಆಗ್ಲಿರಿ’ ಎನ್ನುವ ಒಬ್ಬರಿದ್ದರು. ಬಫೆಯಲ್ಲಿ ಮುದುಕರು ತಾಟು ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ನೋಡಿದರೆ ನನಗೆ ತುತ್ತು ಇಳಿಯುವುದಿಲ್ಲ.

ಇನ್ನು ಮನೆಯ ಮಾತು. ಹೊರಗೆ ಉಂಡು ಬಂದ ಹುರುಪಿನಲ್ಲಿ ಒಮ್ಮೆ ಹನ್ನೆರಡು ಮಂದಿ ನೆಂಟರಿಗೆ ಹೋಟೆಲಿನ ರೀತಿ ಅಡುಗೆ ಮಾಡಿದೆ. ಪನ್ನೀರ್, ಗೋಡಂಬಿ ಅರೆದ ಗ್ರೇವಿ, ಬಣ್ಣದ ಅನ್ನ. ಎಲ್ಲರೂ ಚಲೋ ಆಗೇತಿ ಅಂದರು. ಕೊನೆಗೆ ನಮ್ಮ ಸೋದರತ್ತೆ ಮೆಲ್ಲಗೆ ಕೇಳಿದಳು: ‘ಯವ್ವಾ, ಒಂದ್ ಚೂರು ರೊಟ್ಟಿ ಮೊಸರು ಐತೇನ?’ ಅವಳ ಮಾತಿನಲ್ಲಿ ದೂರಿರಲಿಲ್ಲ, ಹಸಿವೆ ಇತ್ತು. ಆವತ್ತು ನಾನು ಕಲಿತದ್ದು: ಕರೆದವರು ತಮ್ಮ ಕೈಗೆ ಬರುವುದನ್ನು ಉಣಿಸಬೇಕು, ನೋಡಿ ಬಂದದ್ದನ್ನಲ್ಲ.

ಕೈಗೆ ಬರುವುದರಲ್ಲಿ ದೊಡ್ಡದು ಹೋಳಿಗೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಹೋಳಿಗೆಯ ಪೂರ್ವಜರಂಥ ತಿನಿಸುಗಳ ವರ್ಣನೆ ಇದೆ. ಆಗ ಅರಮನೆಯದ್ದಾಗಿದ್ದದ್ದು ಈಗ ಹುನ್ನೂರಿನ ಪ್ರತಿ ಮನೆಯದ್ದು. ಕಡಲೆಬೇಳೆ ಬೇಯಿಸಿ, ನೀರು ಬಸಿದು, ಬೆಲ್ಲ ಹಾಕಿ ಅರೆದರೆ ಹೂರಣ. ಬಸಿದ ನೀರಿಗೆ ಹುಣಸೆ, ಮಸಾಲೆ ಹಾಕಿ ಕುದಿಸಿದರೆ ಕಟ್ಟಿನ ಸಾರು. ಸಿಹಿ ಮತ್ತು ಅದಕ್ಕೆ ಒಗ್ಗುವ ಖಾರ ಒಂದೇ ಬೇಳೆಯಿಂದ ಹುಟ್ಟುತ್ತವೆ, ಏನೂ ಚೆಲ್ಲಿಹೋಗುವುದಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆ ನಮಗೆ ಹತ್ತಿರ. ಬಿಳುಪಿನ ಬೆಲ್ಲ ನೋಡಲು ಚಂದ, ಹೂರಣಕ್ಕೆ ಮಾತ್ರ ಕಪ್ಪಗಿನ ಬೆಲ್ಲವೇ ಬೇಕು. ಅದರಲ್ಲಿ ಕಬ್ಬಿನ ವಾಸನೆ ಉಳಿದಿರುತ್ತದೆ.

ಆ ಕಬ್ಬಿನದೇ ಇನ್ನೊಂದು ಮುಖವೂ ಇದೆ. 1989ರಲ್ಲಿ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ಆ ಸಾಹಸದ ಬಗ್ಗೆ ಈ ಸೀಮೆಯ ಯಾರಿಗಾದರೂ ಹೆಮ್ಮೆಯೇ. ನೀರು ಬಂತು, ಕಬ್ಬು ಬಂತು, ಕೈಯಲ್ಲಿ ರೊಕ್ಕ ಬಂತು. ಎರೆ ಹೊಲದ ಹಿಂಗಾರಿ ಜೋಳ ಹಿಂದೆ ಸರಿಯಿತು. ಜೋಳ ಹೋದರೆ ಕಣಿಕಿ ಹೋಗುತ್ತದೆ, ಕಣಿಕಿ ಹೋದರೆ ಎಮ್ಮೆಯ ಮೇವು ಹೋಗುತ್ತದೆ, ಎಮ್ಮೆ ಹೋದರೆ ಗಟ್ಟಿ ಮೊಸರು. ಬೆಳೆದು ಉಣ್ಣುತ್ತಿದ್ದ ಮನೆಗಳು ಈಗ ಮಾಲದಂಡಿ ಜೋಳವನ್ನು ಪೇಟೆಯಲ್ಲಿ ತೂಗಿ ತರುತ್ತವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿದಾಗ ಶಹರದವರು ಜೋಳವನ್ನು ಹೊಸದಾಗಿ ಕಂಡರು. ಆ ಹೊತ್ತಿಗೆ ನಾವು ಅದನ್ನು ನಮ್ಮ ಹೊಲದಿಂದಲೇ ಕಳುಹಿಸಿಯಾಗಿತ್ತು. ಖಾನಾವಳಿಯ ರೊಟ್ಟಿ ಹಿಂದಿಗಿಂತ ತೆಳ್ಳಗಾಗಿದ್ದರೆ ಮಾಲೀಕನನ್ನಷ್ಟೇ ಬೈಯುವುದು ಸರಿಯಲ್ಲ.

ಬೀಗರ ಊಟದ ದೊಡ್ಡ ದೋಷ ಅಡುಗೆಯಲ್ಲಿಲ್ಲ, ಕ್ರಮದಲ್ಲಿದೆ. ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ಬಂದ ಹೆಂಗಸರು, ಎಲ್ಲರೂ ಎದ್ದ ಮೇಲೆ ಮನೆಯ ಹೆಂಗಸರು. ಬಿಸಿ ರೊಟ್ಟಿಯೇ ಮರ್ಯಾದೆ ಆದ್ದರಿಂದ ಹಂಚಿನ ಮುಂದಿನವಳು ಏಳುವಂತಿಲ್ಲ. ನಲವತ್ತು ರೊಟ್ಟಿ ಬಡಿದು ಕುಂತಾಗ ಅವಳಿಗೆ ಸಿಗುವುದು ಆರಿದ ರೊಟ್ಟಿ, ತಳದ ಪಲ್ಯ, ಸತ್ತುಹೋದ ಹಸಿವೆ. ಒತ್ತಾಯ ಮಾಡಿ ಬಡಿಸುವ ಉಪಚಾರ ನಮ್ಮ ಕಡೆಯ ದೊಡ್ಡ ಗುಣ, ನಾನು ಅದನ್ನು ಬಿಡಲಾರೆ. ಆದರೆ ‘ಇನ್ನೊಂದು ಹಾಕ್ರಿ’ ಎಂದು ಒತ್ತಾಯಿಸುವ ಮನೆಯಲ್ಲಿ ‘ನೀ ಉಂಡ್ಯಾ?’ ಎಂದು ಒಳಗೆ ಹೋಗಿ ಕೇಳುವವರಿಲ್ಲದಿದ್ದರೆ ಆ ಉಪಚಾರ ಅರ್ಧದ್ದು. ಬಸವಣ್ಣನವರ ಕೂಡಲಸಂಗಮ ನಮ್ಮದೇ ಜಿಲ್ಲೆಯಲ್ಲಿದೆ. ದಾಸೋಹದ ಮಾತು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನು ಒಲೆಯ ತನಕ ಒಯ್ಯುವುದು ಬಾಕಿ ಇದೆ.

ಖಾನಾವಳಿಯ ಒಲೆಯ ಮುಂದೆ ಕುಂತವರೂ ಹೆಂಗಸರೇ. ಮುಂಬಯಿಯಲ್ಲಿ ಗಿರಣಿ ಕಾರ್ಮಿಕರಿಗೆ ತಮ್ಮ ಸಣ್ಣ ಕೋಣೆಗಳಲ್ಲೇ ಅಡುಗೆ ಮಾಡಿ ಉಣಿಸುತ್ತಿದ್ದ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಕಟ್ಟಿದರು. ಬಡ್ಡಿಯವರ ಕೈಯಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಅಡುಗೆ ಒಂದು ದುಡಿಮೆ, ಅದಕ್ಕೆ ಲೆಕ್ಕವಿದೆ ಎಂದು ತೋರಿಸಿದ ಕೆಲಸ ಅದು. ನಮ್ಮ ಊರುಗಳಲ್ಲೂ ಮನೆಯಲ್ಲೇ ರೊಟ್ಟಿ ಬಡಿದು ಎಣಿಸಿ ಮಾರುವ ಹೆಂಗಸರಿದ್ದಾರೆ. ಖಾನಾವಳಿಗೂ ಮದುವೆಗೂ ಅವರದೇ ಕಡಕ್ ರೊಟ್ಟಿ ಹೋಗುತ್ತದೆ.

ಮೊದಲು ಹೇಳಿದ ಖಾನಾವಳಿಗೆ ಇನ್ನೊಮ್ಮೆ ಹೋದಾಗ ಹೊತ್ತು ಮೀರಿ ಮೂರೂವರೆ ಆಗಿತ್ತು. ಕೈ ತೊಳೆಯಲು ಹಿಂದಕ್ಕೆ ಹೋದವಳು ಒಳಗೆ ನೋಡಿದೆ. ಗಿರಾಕಿಗಳು ಮುಗಿದಿದ್ದರು. ಮೂವರು ಹೆಂಗಸರಲ್ಲಿ ಇಬ್ಬರು ತಾಟು ಮುಂದಿಟ್ಟುಕೊಂಡು ಕುಂತಿದ್ದರು. ಮೂರನೆಯವಳು ಅವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಎರಡು ರೊಟ್ಟಿ ಉಂಡವಳು ಎದ್ದು ಕೈ ತೊಳೆದು ಹಂಚಿನ ಮುಂದೆ ಕುಂತಳು. ಬಡಿಯುತ್ತಿದ್ದವಳು ತಾಟಿಗೆ ಬಂದಳು. ಯಾರೂ ಏನೂ ಮಾತಾಡಲಿಲ್ಲ, ದಿನಾ ನಡೆಯುವ ಪದ್ಧತಿ ಎಂದು ಗೊತ್ತಾಗುತ್ತಿತ್ತು. ಹೊರಗಿನ ಮೇಜುಗಳಲ್ಲಿ ನಾನು ಕಂಡ ಎಲ್ಲ ಉಪಚಾರಕ್ಕಿಂತ ಇದು ದೊಡ್ಡದಾಗಿತ್ತು.

ಹೋದ ಚಳಿಗಾಲ ಎಳ್ಳಮಾವಾಸ್ಯೆಗೆ ಮಗಳ ಬೀಗರನ್ನು ಹೊಲಕ್ಕೆ ಕರೆದೆವು. ಚರಗ ಚೆಲ್ಲಿ ಬಂದು ಎಲ್ಲರೂ ಒಂದೇ ಸುತ್ತಿನಲ್ಲಿ ಕುಂತೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಎರಡು ದಿನ ಮೊದಲೇ ಮಾಡಿದ್ದರಿಂದ ಒಲೆಯ ಮುಂದೆ ಯಾರೂ ಉಳಿಯಲಿಲ್ಲ. ಹಬ್ಬದ ಬುತ್ತಿಯಲ್ಲಿ ಈ ನ್ಯಾಯ ಮೊದಲಿನಿಂದಲೂ ಇದೆ. ಮರುದಿನ ಮನೆಯಲ್ಲಿ ಬಿಸಿ ರೊಟ್ಟಿಯ ಊಟ. ಎರಡನೆಯ ಪಂಕ್ತಿ ನಡೆದಾಗ ಬೀಗತಿ ಒಳಗೆ ಬಂದು ಸೆರಗು ಕಟ್ಟಿಕೊಂಡರು. ‘ಏಳ್ರಿ ಬೀಗತಿ, ನೀವು ಉಣ್ಣಾಕ ಕುಂದರ್ರಿ. ಇನ್ನ ಉಳದ ರೊಟ್ಟಿ ನಂದು’ ಎಂದರು. ಬಂದ ಬೀಗತಿಯನ್ನು ಒಲೆಯ ಮುಂದೆ ಕೂಡಿಸುವುದು ಎಂಥ ಮಾತು ಎಂದು ನಾನು ಅಲ್ಲಾಡಲಿಲ್ಲ. ಅವರು ನನ್ನ ಕೈಯಿಂದ ಹಿಟ್ಟಿನ ಮುದ್ದೆ ತೆಗೆದುಕೊಂಡೇಬಿಟ್ಟರು.

ಅವರ ರೊಟ್ಟಿ ನನ್ನದಕ್ಕಿಂತ ದಪ್ಪ, ಅಂಚು ಸ್ವಲ್ಪ ಕಪ್ಪು. ಒಡೆದರೆ ಹಬೆ ಬಂತು. ಎರಡು ಉಂಡು, ಕೈ ತೊಳೆದು, ನಾನು ಹಂಚಿನ ಮುಂದೆ ಹೋದೆ. ಅವರು ತಾಟಿಗೆ ಬಂದರು.